ರೋಣದ ‘ಣ’ ಎಲ್ಲಿ ಹೋಯಿತು?



ರೋಣ, ನರಗುಂದ, ಗಜೇಂದ್ರಗಡ. ಗದಗ ಜಿಲ್ಲೆಯ ಮೂರು ಊರುಗಳು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುವ ನಿಮ್ಮಲ್ಲಿ ಕೆಲವರ ಊರು ಇವೇ ಇರಬಹುದು. ಈ ಮೂರು ಹೆಸರನ್ನು ಎರಡನೆಯ ತರಗತಿಯ ಮಗು ಬೆರಳಿಟ್ಟು ಓದುತ್ತದೆ.

ಈಗ ಇದೇ ಹೆಸರುಗಳನ್ನು ಹ್ಯಾಸ್ಕೆಲ್ ಭಾಷೆಯ ‘ಪಾರ್ಸೆಕ್’ ಎಂಬ ಸಲಕರಣೆಯ ಮುಂದಿಡಿ. ‘ಲೆಟರ್ ಇರುವ ತನಕ ಓದು’ ಎಂದು ಅಪ್ಪಣೆ ಕೊಡಿ. ಏನಾಗುತ್ತದೆ ಗೊತ್ತೆ? ರೋಣದಲ್ಲಿ ‘ರ’ ಓದಿ ನಿಲ್ಲುತ್ತದೆ. ನರಗುಂದದಲ್ಲಿ ‘ನರಗ’ ಎಂದು ನಿಲ್ಲುತ್ತದೆ. ಗಜೇಂದ್ರಗಡದಲ್ಲಿ ‘ಗಜ’ ಎಂದು ನಿಲ್ಲುತ್ತದೆ. ಆನೆಯೊಂದು ಉಳಿಯಿತು, ಇಂದ್ರನೂ ಹೋದ, ಗಡವೂ ಹೋಯಿತು!

ನಂಬುವುದಿಲ್ಲವೆ? ಇವತ್ತೇ ಮಾಡಿ ನೋಡಿ.

ಇದನ್ನು ಓದಿ ಮಸಿ ಡಬ್ಬಿ ಹುಡುಕಬೇಡಿ. ಇಲ್ಲಿ ಮಸಿ ಬಳಿಯಲು ಬೋರ್ಡೇ ಇಲ್ಲ. ಮುತ್ತಿಗೆ ಹಾಕಲು ಕಚೇರಿಯೂ ಇಲ್ಲ. ಕನ್ನಡದ ಮೇಲೆ ಯಾರೋ ಹಗೆ ಸಾಧಿಸಿದ್ದಾರೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇಲ್ಲಿರುವುದು ಬೇರೆ ಜಾತಿಯ ಅನ್ಯಾಯ. ‘ಅಕ್ಷರ ಎಂದರೆ ಏನು’ ಎಂಬುದನ್ನು ಕಂಪ್ಯೂಟರಿಗೆ ಹೇಳಿಕೊಡುವ ಹೊತ್ತಿನಲ್ಲಿ ಕನ್ನಡದವರು ಅಲ್ಲಿರಲಿಲ್ಲ. ಇವತ್ತಾದರೂ ಹೋಗಿ ಕೂರೋಣ ಎಂಬುದಷ್ಟೇ ಈ ಬರಹದ ಮಾತು.

ಬಿಡಿಸಿ ಬರೆಯಿರಿ

ಶಾಲೆಯ ಪರೀಕ್ಷೆಯಲ್ಲಿ ‘ಕೆಳಗಿನ ಪದಗಳನ್ನು ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆ ಬರುತ್ತಿತ್ತಲ್ಲ, ಪಾರ್ಸರ್ ಮಾಡುವುದೂ ಅದನ್ನೇ. ಉದ್ದನೆಯ ಬರಹ ಬರುತ್ತದೆ. ಅದನ್ನು ತುಂಡು ತುಂಡಾಗಿ ಬಿಡಿಸಿ, ಯಾವ ತುಂಡು ಏನು ಎಂದು ಹೇಳಬೇಕು. ನೀವು ಬರೆಯುವ ಪ್ರತಿಯೊಂದು ಪ್ರೋಗ್ರಾಮನ್ನೂ ಮೊದಲು ಒಂದು ಪಾರ್ಸರ್ ಓದುತ್ತದೆ. ಬ್ಯಾಂಕಿನ ಅರ್ಜಿ, ರೈಲಿನ ಟಿಕೆಟ್ಟು, ಹೊಲದ ಪಹಣಿ, ಯಾವುದೇ ಇರಲಿ, ಕಂಪ್ಯೂಟರಿನ ಹೊಟ್ಟೆ ಸೇರುವ ಮುಂಚೆ ಇಂಥದೊಂದು ಬಾಗಿಲನ್ನು ದಾಟಲೇಬೇಕು. ಬಾಗಿಲು ಕಾಯುವವನಿಗೆ ಕನ್ನಡ ಬಾರದಿದ್ದರೆ ಒಳಗೆ ಎಂಥ ಕನ್ನಡಾಭಿಮಾನಿ ಕೂತಿದ್ದರೂ ಪ್ರಯೋಜನವಿಲ್ಲ.

ಮೊದಲೆಲ್ಲ ಪಾರ್ಸರ್ ಬರೆಯುವುದು ದೊಡ್ಡ ವಿದ್ವಾಂಸರ ಕೆಲಸವಾಗಿತ್ತು. ಅದನ್ನು ಸಾಮಾನ್ಯರ ಕೈಗೆ ತಂದ ಉಪಾಯವೇ ‘ಪಾರ್ಸರ್ ಕಾಂಬಿನೇಟರ್’. ಉಪಾಯ ಸರಳವಾಗಿದೆ. ಒಂದೇ ಒಂದು ಅಂಕಿ ಓದುವ ಪುಟಾಣಿ ಪಾರ್ಸರ್ ಮಾಡಿ. ಒಂದು ಪದ ಓದುವ ಇನ್ನೊಂದು ಪುಟಾಣಿ ಮಾಡಿ. ಇವನ್ನು ಜೋಡಿಸಲು ನಾಲ್ಕೇ ಕೀಲು: ‘ಇದಾದ ಮೇಲೆ ಅದು’, ‘ಇದು ಇಲ್ಲವೆ ಅದು’, ‘ಇದು ಎಷ್ಟು ಸಲವಾದರೂ’, ‘ಇದ್ದರೆ ಇರಲಿ, ಇಲ್ಲದಿದ್ದರೂ ಸರಿ’. ಎರಡು ಪಾರ್ಸರ್ ಜೋಡಿಸಿದರೆ ಬರುವುದೂ ಒಂದು ಪಾರ್ಸರೇ. ಅದನ್ನು ಮತ್ತೊಂದಕ್ಕೆ ಜೋಡಿಸಿ. ಗಜೇಂದ್ರಗಡದ ಕಡೆಯ ಪಟ್ಟೇದ ಅಂಚು ಸೀರೆ ನೋಡಿದ್ದೀರಾ? ಒಡಲಿನ ಚೌಕಳಿ ಬೇರೆ, ಅಂಚು ಬೇರೆ, ಸೆರಗು ಬೇರೆ. ಒಂದೊಂದೂ ಸರಳ. ಕೂಡಿದರೆ ಸೀರೆ.

ಇದರ ಹಿಂದೆ ಹಲವರ ದುಡಿಮೆ ಇದೆ. ೧೯೮೫ರಲ್ಲಿ ಫಿಲಿಪ್ ವಾಡ್ಲರ್ ಒಂದು ಲೇಖನದಲ್ಲಿ, ಪಾರ್ಸರ್ ಒಂದೇ ಉತ್ತರ ಕೊಡಬೇಕಿಲ್ಲ, ಆಗಬಹುದಾದ ಎಲ್ಲ ಉತ್ತರಗಳ ಪಟ್ಟಿಯನ್ನೇ ಕೊಡಲಿ, ಪಟ್ಟಿ ಖಾಲಿ ಇದ್ದರೆ ಸೋಲು ಎಂದು ತಿಳಿಯೋಣ ಎಂದರು. ೧೯೯೬ರಲ್ಲಿ ಗ್ರಹಾಂ ಹಟನ್ ಮತ್ತು ಎರಿಕ್ ಮೇಯರ್ ಈ ಜೋಡಣೆಯ ವಿಧಾನವನ್ನು ಒಪ್ಪವಾಗಿ ಬರೆದಿಟ್ಟರು. ೨೦೦೧ರ ಹೊತ್ತಿಗೆ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಡಾನ್ ಲೈಯನ್ ಅದನ್ನು ದಿನಬಳಕೆಯ ಸಲಕರಣೆಯಾಗಿ ಕಟ್ಟಿದರು. ಅದೇ ಪಾರ್ಸೆಕ್. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಒಳಗಿನ ಸಾಲುಸಾಲನ್ನೂ ಓದಬಹುದು, ತಿದ್ದಬಹುದು, ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ.

ಓತ್ವ ಅಕ್ಷರವಲ್ಲವಂತೆ!

ಹಾಗಾದರೆ ರೋಣದ ‘ಣ’ ಹೋದದ್ದು ಹೇಗೆ?

೧೯೯೧ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ೧೨೮ ಮನೆಗಳ ಒಂದು ಓಣಿ ಸಿಕ್ಕಿತು. ಅಲ್ಲಿ ‘ರ’ ಒಂದು ಮನೆ, ‘ಣ’ ಒಂದು ಮನೆ, ನಡುವಿನ ಓತ್ವದ ಗುರುತಿಗೂ ಬೇರೆಯೇ ಒಂದು ಮನೆ. ಇದು ಸರಿಯೇ. ಆದರೆ ಯೂನಿಕೋಡ್ ಪ್ರತಿಯೊಂದು ಮನೆಗೂ ಒಂದು ಜಾತಿ ಹಚ್ಚಿದೆ. ‘ರ’, ‘ಣ’ ಇವು ಲೆಟರ್. ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ, ಅನುಸ್ವಾರ, ಅರ್ಧಾಕ್ಷರದ ಗುರುತು ಇವೆಲ್ಲ ‘ಮಾರ್ಕ್’. ಅಂದರೆ ಅಕ್ಷರಕ್ಕೆ ಅಂಟಿಕೊಂಡು ಬರುವ ಚಿಹ್ನೆಗಳು. ಪಾರ್ಸೆಕ್‌ನ ‘ಲೆಟರ್’ ಎಂಬ ಪಾರ್ಸರ್ ಲೆಟರ್ ಜಾತಿಯನ್ನು ಮಾತ್ರ ಒಳಗೆ ಬಿಡುತ್ತದೆ. ರೋಣದಲ್ಲಿ ‘ರ’ ಆಯಿತು, ಮುಂದೆ ಓತ್ವ ಬಂತು, ಬಾಗಿಲು ಮುಚ್ಚಿತು.

ಇಂಗ್ಲಿಷಿಗೆ ಇದರಿಂದ ಏನೂ ತೊಂದರೆಯಿಲ್ಲ. ಅಲ್ಲಿ ಸ್ವರವೂ ಲೆಟರ್, ವ್ಯಂಜನವೂ ಲೆಟರ್. ನಮಗೆ ಮಾತ್ರ ಕಾಗುಣಿತವೇ ಹೊರಗಾಯಿತು. ಕಾಗುಣಿತ ಹೊರಗಾದ ಮೇಲೆ ಕನ್ನಡದಲ್ಲಿ ಉಳಿಯುವುದೇನು? ಈ ಅಳತೆಗೋಲು ಪಾರ್ಸೆಕ್ ಒಂದರದ್ದೂ ಅಲ್ಲ. ‘ಹೆಸರಿನಲ್ಲಿ ಲೆಟರ್ ಮಾತ್ರ ಇರಬೇಕು’ ಎಂದು ಇದೇ ಕೋಲು ಹಿಡಿದು ಅಳೆಯುವ ಯಾವ ಅರ್ಜಿಯಾದರೂ ‘ಬಸವರಾಜ’ನನ್ನು ಒಪ್ಪಿಯೂ ‘ಬಸಮ್ಮ’ನನ್ನು ಒಪ್ಪದೆ ಹೋಗಬಹುದು. ಏಕೆಂದರೆ ಬಸವರಾಜನ ಕೊರಳಲ್ಲಿ ಒಂದು ಇಳಿ ಇದೆ ಎಂದು ಅವನನ್ನೂ ತಡೆಯಬೇಕಿತ್ತು ಎಂದಿರಾ? ನಿಜ, ಅವನನ್ನೂ ತಡೆಯುತ್ತದೆ. ಒಪ್ಪುವುದು ‘ಬಸವ’ನನ್ನು ಮಾತ್ರ!

ಇನ್ನೊಂದು ವಿಚಿತ್ರ ಕೇಳಿ. ‘ರೋಣ’ ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಇಡಬಹುದು. ಓತ್ವವನ್ನು ಒಂದೇ ಗುರುತಾಗಿ ಇಟ್ಟರೆ ಒಟ್ಟು ೩ ಸಂಕೇತ. ಅದನ್ನೇ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಬಿಡಿಸಿ ಇಟ್ಟರೆ ಒಟ್ಟು ೫ ಸಂಕೇತ. ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ, ಕಣ್ಣಿಗೂ ಒಂದೇ. ಆದರೆ ಇದನ್ನು ತಿಳಿಯದೆ ಬರೆದ ಪ್ರೋಗ್ರಾಮಿಗೆ ಅವು ಎರಡು ಬೇರೆ ಊರು. ಒಂದು ರೋಣವನ್ನು ಹುಡುಕಿದರೆ ಇನ್ನೊಂದು ರೋಣ ಸಿಗುವುದಿಲ್ಲ. ಆದ್ದರಿಂದ ಓದುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಇದು ಮೊದಲ ಪಾಠ.

ಕಾಗುಣಿತವೇ ಕಾನೂನು

ಎರಡನೆಯ ಪಾಠ: ‘ಲೆಟರ್’ ಅನ್ನು ಬಿಟ್ಟುಬಿಡಿ. ನಮ್ಮದೇ ‘ಅಕ್ಷರ’ ಕಟ್ಟಿ. ಅದಕ್ಕೆ ಬೇಕಾದ ಕಾನೂನು ನಿಮಗೆ ಆರನೆಯ ವಯಸ್ಸಿನಿಂದಲೇ ಬಾಯಿಪಾಠ. ಒಂದು ಸ್ವರ, ಇಲ್ಲವೆ ಒಂದು ವ್ಯಂಜನ. ವ್ಯಂಜನವಾದರೆ ಅದರ ಹಿಂದೆ ಒತ್ತು ಎಷ್ಟಾದರೂ ಬರಲಿ. ಒತ್ತು ಎಂದರೆ ಅರ್ಧಾಕ್ಷರದ ಗುರುತು ಮತ್ತು ಅದರ ಮುಂದೆ ಇನ್ನೊಂದು ವ್ಯಂಜನ. ಆಮೇಲೆ ಗುಣಿತದ ಗುರುತು, ಇಲ್ಲವೆ ಬರೀ ಅರ್ಧಾಕ್ಷರದ ಗುರುತು, ಇದ್ದರೆ ಇರಲಿ. ಕೊನೆಗೆ ಅನುಸ್ವಾರವೋ ವಿಸರ್ಗವೋ ಇದ್ದರೆ ಇರಲಿ. ಮುಗಿಯಿತು. ಮೇಲೆ ಹೇಳಿದ ನಾಲ್ಕು ಕೀಲುಗಳಿಂದ ಇಷ್ಟನ್ನೂ ಹತ್ತು ಸಾಲಿನಲ್ಲಿ ಬರೆಯಬಹುದು.

ಬರೆದದ್ದು ಸರಿಯಿದೆಯೇ ಎಂದು ನೋಡಲು ನಮ್ಮ ಮೂರು ಊರುಗಳೇ ಸಾಕು. ರೋಣ: ಸಂಕೇತ ೩, ಅಕ್ಷರ ೨. ನರಗುಂದ: ಸಂಕೇತ ೬, ಅಕ್ಷರ ೪. ಗಜೇಂದ್ರಗಡ: ಸಂಕೇತ ೯, ಅಕ್ಷರ ೫. ನಿಮ್ಮ ಪಾರ್ಸರ್ ಎರಡು, ನಾಲ್ಕು, ಐದು ಎಂದು ಎಣಿಸಿದರೆ ನೀವು ಪಾಸು.

ಇಲ್ಲೊಂದು ಎಡವುವ ಕಲ್ಲಿದೆ, ಮೊದಲೇ ಹೇಳಿಬಿಡುತ್ತೇನೆ. ‘ಬಸ್’ ಎಂಬ ಪದ ಕೊಡಿ. ಪಾರ್ಸರ್ ‘ಸ’ ಓದುತ್ತದೆ, ಅರ್ಧಾಕ್ಷರದ ಗುರುತನ್ನೂ ನುಂಗುತ್ತದೆ, ಒತ್ತಿಗಾಗಿ ಮುಂದಿನ ವ್ಯಂಜನ ಹುಡುಕುತ್ತದೆ. ಪದವೇ ಮುಗಿದಿದೆ! ಆಗ ಹಿಂದೆ ಬಂದು ‘ಇದು ಒತ್ತಲ್ಲ, ಬರೀ ಅರ್ಧಾಕ್ಷರ’ ಎಂದು ಇನ್ನೊಂದು ದಾರಿ ನೋಡಬೇಕು. ಪಾರ್ಸೆಕ್ ಹಾಗೆ ಹಿಂದೆ ಬರುವುದಿಲ್ಲ. ಒಂದು ದಾರಿಯಲ್ಲಿ ಒಂದು ಹೆಜ್ಜೆ ಇಟ್ಟ ಮೇಲೆ ಆ ದಾರಿಯಲ್ಲೇ ಗೆಲುವು, ಇಲ್ಲವೆ ಸೋಲು. ಬೇಗ ಓದಲಿ, ತಪ್ಪಾದ ಜಾಗವನ್ನು ಖಚಿತವಾಗಿ ಹೇಳಲಿ ಎಂದು ಬೇಕೆಂದೇ ಹಾಗೆ ಕಟ್ಟಿದ್ದಾರೆ. ಹಿಂದೆ ಬರಬೇಕಾದ ಕಡೆ ‘ಟ್ರೈ’ ಎಂಬ ಮಾತನ್ನು ಹಚ್ಚಬೇಕು. ಒತ್ತಿನ ಪಾರ್ಸರಿಗೆ ಅದನ್ನು ಹಚ್ಚಿ. ‘ಬಸ್’ ನಿಂತಲ್ಲಿಂದ ಹೊರಡುತ್ತದೆ.

ಹನ್ನೆರಡು ಗುಂಟೆ ಯಾರಿಗೆ ಹೋಯಿತು?

‘ಇದೆಲ್ಲ ಅಕ್ಷರದ ಆಟ, ಹೊಟ್ಟೆಗೆ ಏನು ಬಂತು?’ ಎಂದು ಕೇಳುವವರಿಗೆ ಹೊಲದ ಲೆಕ್ಕ ಹೇಳುತ್ತೇನೆ.

ಪಹಣಿ, ಅಂದರೆ ಗದಗದ ಕಡೆಯವರ ಉತಾರದಲ್ಲಿ, ಜಮೀನಿನ ಅಳತೆ ಎಕರೆ, ಗುಂಟೆ ಎಂದು ಇರುತ್ತದೆ. ನಡುವೆ ಒಂದು ಚುಕ್ಕೆ. ೨.೨೦ ಎಂದರೆ ೨ ಎಕರೆ ೨೦ ಗುಂಟೆ. ಎಕರೆಗೆ ೪೦ ಗುಂಟೆ. ಒಟ್ಟು ೧೦೦ ಗುಂಟೆ, ಅಂದರೆ ಎರಡೂವರೆ ಎಕರೆ. ಈ ಪದ್ಧತಿ ಗೊತ್ತಿಲ್ಲದ ಪ್ರೋಗ್ರಾಮು ಆ ಚುಕ್ಕೆಯನ್ನು ದಶಮಾಂಶ ಎಂದುಕೊಂಡರೆ? ೨.೨ ಎಕರೆ ಎಂದರೆ ೮೮ ಗುಂಟೆ. ೧೨ ಗುಂಟೆ ಗಾಳಿಗೆ ಹೋಯಿತು! ಸಾಲದ ಅರ್ಜಿಯಲ್ಲೋ ಬೆಳೆವಿಮೆಯ ಅರ್ಜಿಯಲ್ಲೋ ಇಂಥ ತಪ್ಪು ನುಸುಳಿದರೆ ನಷ್ಟ ಯಾರಿಗೆ? ಎಕರೆಯ ಲೆಕ್ಕ ಎಷ್ಟು ಬಿಸಿ ಎಂಬುದನ್ನು ನರಗುಂದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಬೆಟರ್‌ಮೆಂಟ್ ಲೆವಿಯ ವಿರುದ್ಧ ೧೯೮೦ರ ಜುಲೈ ೨೧ರಂದು ಗೋಲಿಬಾರ್ ಕಂಡ ಊರು ಅದು.

ಕಾಂಬಿನೇಟರಿನಲ್ಲಿ ಈ ತಪ್ಪಿಗೆ ಎಡೆಯೇ ಇರದಂತೆ ಬರೆಯಬಹುದು. ‘ಒಂದು ಅಂಕೆ, ಆಮೇಲೆ ಚುಕ್ಕೆ ಇಲ್ಲವೆ ಅಡ್ಡಗೆರೆ ಇಲ್ಲವೆ ‘ಎಕರೆ’ ಎಂಬ ಪದ, ಆಮೇಲೆ ೪೦ಕ್ಕಿಂತ ಕಡಿಮೆಯ ಇನ್ನೊಂದು ಅಂಕೆ’ ಎಂದರೆ ಅದೇ ಪ್ರೋಗ್ರಾಮು. ಪದ್ಧತಿ ಬಲ್ಲ ಯಾವ ಗ್ರಾಮ ಲೆಕ್ಕಿಗರಿಗೂ ಇದನ್ನು ಓದಿ ಹೇಳಿ ‘ಸರಿಯೇ?’ ಎಂದು ಕೇಳಬಹುದು.

ಆದರೆ ಇಲ್ಲಿಯೂ ಒಂದು ಬಾಗಿಲು ಮುಚ್ಚಿದೆ. ಪಾರ್ಸೆಕ್‌ನ ‘ಡಿಜಿಟ್’ ಎಂಬ ಪಾರ್ಸರ್ 0ಯಿಂದ 9ರ ತನಕದ ಅಂಕಿಗಳನ್ನು ಮಾತ್ರ ಒಪ್ಪುತ್ತದೆ. ೦ಯಿಂದ ೯ರ ತನಕದ ಕನ್ನಡ ಅಂಕಿ ಅದಕ್ಕೆ ಅಂಕಿಯೇ ಅಲ್ಲ. ಕನ್ನಡ ಅಂಕಿ ಬಳಸಿ ಎಂದು ಭಾಷಣ ಮಾಡುತ್ತೇವೆ. ಕನ್ನಡ ಅಂಕಿ ಓದುವ ಒಂದು ಸಾಲು ಬರೆಯುವುದಿಲ್ಲ. ‘ಡಿಜಿಟ್ ಇಲ್ಲವೆ ಕನ್ನಡ ಅಂಕಿ’ ಎಂದು ಒಂದು ಕೀಲು ಹಾಕಿದರೆ ಎರಡೂ ಒಳಗೆ ಬರುತ್ತವೆ. ಭಾಷಣಕ್ಕಿಂತ ಕಡಿಮೆ ಹೊತ್ತು ಸಾಕು.

ತಪ್ಪನ್ನಾದರೂ ಕನ್ನಡದಲ್ಲಿ ಹೇಳಲಿ

ಓದಲು ಆಗದಿದ್ದಾಗ ಪಾರ್ಸೆಕ್ ಏನು ಹೇಳುತ್ತದೆ ನೋಡಿ. ‘ಮೊದಲ ಸಾಲು, ಎರಡನೆಯ ಸ್ಥಾನ, ಇಲ್ಲಿ \3275 ಬರಬಾರದಿತ್ತು, ಲೆಟರ್ ಬರಬೇಕಿತ್ತು’ ಎಂಬ ಅರ್ಥದ ಇಂಗ್ಲಿಷು. ಈ ೩೨೭೫ ಯಾರು? ನಮ್ಮ ಓತ್ವ! ಹ್ಯಾಸ್ಕೆಲ್ ಸಂಪ್ರದಾಯದಲ್ಲಿ ಇಂಗ್ಲಿಷಿನ ಹಳೆಯ ಸಂಕೇತಗಳ ಆಚೆಗಿನ ಅಕ್ಷರವನ್ನು ತೋರಿಸುವಾಗ ಅದರ ಮನೆ ನಂಬರನ್ನು ಹೇಳುತ್ತಾರೆ. ಇಡೀ ರೋಣ ಹೀಗೆ ಕಾಣುತ್ತದೆ: \3248\3275\3235. ಊರಿನ ಹೆಸರೋ, ಕೈದಿಯ ನಂಬರೋ?

ಆದರೆ ಪಾರ್ಸೆಕ್ ಕಟ್ಟಿದವರನ್ನು ಬೈಯುವ ಮುಂಚೆ ಅದರ ಒಳಗನ್ನು ಓದಿ. ತಪ್ಪು ಹೇಳುವ ಭಾಗದಲ್ಲಿ, ಯಾವ ಭಾಷೆಗೂ ಅಂಟಿಕೊಳ್ಳದ ಹಾಗೆ ಎಂಬ ಟಿಪ್ಪಣಿಯೊಡನೆ ಒಂದು ಫಂಕ್ಷನ್ ಇದೆ. ಅದರಲ್ಲಿ ಐದು ಮಾತುಗಳಿಗೆ ಜಾಗ ಖಾಲಿ ಬಿಟ್ಟಿದ್ದಾರೆ: ‘ಅಥವಾ’, ‘ಗೊತ್ತಾಗದ ತಪ್ಪು’, ‘ಬೇಕಿದ್ದದ್ದು’, ‘ಬರಬಾರದ್ದು’, ‘ಬರಹ ಮುಗಿಯಿತು’. ಡಚ್ ಮಾತಾಡುವ ನಾಡಿನಲ್ಲಿ ಹುಟ್ಟಿದ ಸಲಕರಣೆ ಎಲ್ಲ ಭಾಷೆಗೂ ಐದು ಮಣೆ ಹಾಕಿ ಇಟ್ಟಿದೆ. ನಾವು ಹೋಗಿ ಕೂರಲಿಲ್ಲ, ಅಷ್ಟೇ.

ಕೂತು ನೋಡಿದರೆ ಮಾತ್ರ ತಿಳಿಯುವ ಸಂಗತಿಯೊಂದು ಇಲ್ಲಿದೆ. ಈ ಐದರಲ್ಲಿ ‘ಬೇಕಿದ್ದದ್ದು’ ಎಂಬ ಮಾತು ಯಾವಾಗಲೂ ಮುಂದೆ ಬರುತ್ತದೆ, ಬೇಕಾದ ವಸ್ತು ಹಿಂದೆ. ಇಂಗ್ಲಿಷಿನ ವಾಕ್ಯ ಹಾಗೆ ನಡೆಯುತ್ತದೆ. ಕನ್ನಡದಲ್ಲಿ ‘ಅಂಕಿ ಬೇಕಿತ್ತು’ ಎಂದು ಕ್ರಿಯಾಪದ ಕೊನೆಗೆ ಬರಬೇಕು. ಐದು ಪದ ಕನ್ನಡವಾದರೂ ವಾಕ್ಯದ ಬೆನ್ನೆಲುಬು ಇಂಗ್ಲಿಷೇ! ಪದಗಳನ್ನು ಬದಲಿಸಿಬಿಟ್ಟರೆ ಕನ್ನಡವಾಯಿತು ಎಂದು ಬೀಗುವ ಎಲ್ಲ ಅನುವಾದಗಳ ಕಥೆಯೂ ಇಷ್ಟೇ. ಆದ್ದರಿಂದ ಆ ಫಂಕ್ಷನ್ ಬಿಟ್ಟು ನಮ್ಮದೇ ಇನ್ನೊಂದನ್ನು ಬರೆಯಬೇಕು. ಅದೂ ದೊಡ್ಡ ಕೆಲಸವಲ್ಲ. ತಪ್ಪುಗಳ ಪಟ್ಟಿಯನ್ನು ಪಾರ್ಸೆಕ್ ನಿಮ್ಮ ಕೈಗೇ ಕೊಡುತ್ತದೆ; ಹೇಗೆ ಹೇಳಬೇಕೆಂಬುದು ನಿಮ್ಮ ಬಾಯಿಗೆ ಬಿಟ್ಟದ್ದು.

ನರಗುಂದದಾಗ ಏನಂತಾರ?

ಇನ್ನು ನಮ್ಮೊಳಗಿನ ಮಾತು. ‘ನರಗುಂದದಲ್ಲಿ’ ಎಂಬುದನ್ನು ಬಿಡಿಸುವ ಪಾರ್ಸರನ್ನು ಬೆಂಗಳೂರಿನ ಹುಡುಗ ಬರೆದ ಎನ್ನಿ. ಊರು, ನಡುವೆ ‘ದ’, ಆಮೇಲೆ ‘ಅಲ್ಲಿ’. ಸರಿ. ಆದರೆ ನರಗುಂದದವರು ಹೇಳುವುದು ‘ನರಗುಂದದಾಗ’. ‘ರೋಣಕ್ಕೆ’ ಎನ್ನುವುದಿಲ್ಲ, ‘ರೋಣಕ್ಕ’ ಎನ್ನುತ್ತಾರೆ. ಅವರ ಕನ್ನಡ ತಪ್ಪು ಎಂದು ಪಾರ್ಸರ್ ಹೇಳಿದರೆ, ನಮ್ಮ ಓತ್ವ ಲೆಟರ್ ಅಲ್ಲ ಎಂದ ಯಂತ್ರಕ್ಕೂ ನಮಗೂ ಏನು ವ್ಯತ್ಯಾಸ? ಇಂಗ್ಲಿಷಿನ ಬಾಗಿಲು ಕಿತ್ತು ಬೆಂಗಳೂರಿನ ಬಾಗಿಲು ಹಾಕಲು ನಾವು ಹೊರಟಿಲ್ಲ. ‘ಅಲ್ಲಿ ಇಲ್ಲವೆ ಆಗ’, ‘ಕ್ಕೆ ಇಲ್ಲವೆ ಕ್ಕ’. ಒಂದೊಂದು ಕೀಲು ಸಾಕು. ಮಂಗಳೂರು, ಕುಂದಾಪುರ, ಕಾಸರಗೋಡಿನವರು ತಮ್ಮ ತಮ್ಮ ಕೀಲು ಸೇರಿಸಲಿ.

ಕನ್ನಡಕ್ಕೆ ಇನ್ನೊಂದು ಗುಣವೂ ಇದೆ: ಒಂದೇ ಪದ ಎರಡು ಬಗೆಯಲ್ಲಿ ಬಿಡುತ್ತದೆ. ‘ಅವನಲ್ಲಿ ದುಡ್ಡಿದೆ’ ಎಂದಾಗ ಅದು ಅವನ + ಅಲ್ಲಿ. ‘ಅವನಲ್ಲಿ ನಿಂತಿದ್ದಾನೆ’ ಎಂದಾಗ ಅವನು + ಅಲ್ಲಿ. ಎರಡೂ ಲೋಪಸಂಧಿಯೇ, ಎರಡೂ ಸರಿಯೇ. ವಾಡ್ಲರ್ ಹೇಳಿದ ಉತ್ತರಗಳ ಪಟ್ಟಿ ನೆನಪಿದೆಯೆ? ಸಂಧಿ ಬಿಡಿಸಲು ಹೇಳಿ ಮಾಡಿಸಿದಂಥ ಉಪಾಯ ಅದು. ಒಂದೇ ಉತ್ತರಕ್ಕೆ ಅಂಟಿಕೊಳ್ಳುವ ಪಾರ್ಸೆಕ್ ಅಕ್ಷರಕ್ಕೆ, ಅಂಕಿಗೆ, ಉತಾರಕ್ಕೆ ಚೆನ್ನ. ಸಂಧಿಗೆ ಪಟ್ಟಿ ಕೊಡುವ ಪಾರ್ಸರ್ ಚೆನ್ನ. ಯಾವುದಕ್ಕೆ ಯಾವುದು ಎಂದು ಆರಿಸಲು ಕನ್ನಡವೂ ಗೊತ್ತಿರಬೇಕು, ಕಂಪ್ಯೂಟರೂ ಗೊತ್ತಿರಬೇಕು. ಆ ಎರಡೂ ಇರುವವರು ನೀವೇ ಅಲ್ಲವೆ?

‘ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಕನ್ನಡ ಓದುತ್ತದೆ, ಇದೆಲ್ಲ ಯಾಕೆ?’ ಎನ್ನುವವರಿದ್ದಾರೆ. ಓದಲಿ, ಸಂತೋಷ. ಆದರೆ ಅದು ಮಾಡುವುದು ಊಹೆ. ಹನ್ನೆರಡು ಗುಂಟೆಯ ಲೆಕ್ಕವನ್ನು ಊಹೆಗೆ ಬಿಡಲಾಗುವುದಿಲ್ಲ. ಪಾರ್ಸರ್ ಒಪ್ಪಿದರೆ ಯಾಕೆ ಒಪ್ಪಿತು, ಒಪ್ಪದಿದ್ದರೆ ಎಷ್ಟನೆಯ ಅಕ್ಷರದಲ್ಲಿ ತಡೆಯಿತು ಎಂದು ತೋರಿಸುತ್ತದೆ. ನಾಲ್ಕು ಜನ ಕೂತು ಅದನ್ನು ಪರೀಕ್ಷಿಸಬಹುದು.

ಸವಡಿಯ ದಾರಿ

ಹೊರಗಿನ ಸಲಕರಣೆ ನಮಗೇಕೆ ಎನ್ನುವವರಿಗೂ ಒಂದು ಮಾತು. ಕನ್ನಡಕ್ಕೆ ಪಂಚತಂತ್ರ ತಂದ ದುರ್ಗಸಿಂಹನ ಸಯ್ಯಡಿ ಎಂದರೆ ರೋಣ ತಾಲ್ಲೂಕಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಅವನು ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಎತ್ತಿಕೊಂಡು ಕನ್ನಡದ ಗ್ರಂಥವನ್ನೇ ಕಟ್ಟಿದ. ಹೊರಗಿನದು ಎಂದು ದೂರ ಇಡಲಿಲ್ಲ, ಬಂದದ್ದು ಬಂದ ಹಾಗೇ ಇರಲಿ ಎಂದೂ ಬಿಡಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಸಂಧಿ, ಸಮಾಸಗಳಿಗೆ ಕಾನೂನು ಬರೆದ. ೧೬೦೪ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ೫೯೨ ಸೂತ್ರಗಳಲ್ಲಿ ಕನ್ನಡವನ್ನು ಹಿಡಿದಿಟ್ಟ. ಪುಟ್ಟ ಸೂತ್ರಗಳನ್ನು ಜೋಡಿಸಿ ದೊಡ್ಡ ಭಾಷೆಯನ್ನು ವಿವರಿಸುವುದು ನಮಗೆ ಹೊಸದಲ್ಲ.

ಹತ್ತಿರದ ಉದಾಹರಣೆಯೂ ಇದೆ. ೧೯೯೦ರ ದಶಕದಲ್ಲಿ ಕನ್ನಡ ತಂತ್ರಾಂಶದ ಒಂದೊಂದು ಕಂಪನಿಗೂ ಒಂದೊಂದು ಸಂಕೇತ. ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆದರೆ ಬರೀ ಕಸ. ಆ ಗೊಂದಲದಿಂದ ಹೊರಗೆ ಬಂದದ್ದು ಘೋಷಣೆಯಿಂದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇಂಥ ಕೂತು ಮಾಡಿದ ಕೆಲಸಗಳಿಂದ.

ಹಾಗಾದರೆ ಈ ಭಾನುವಾರ ಏನು ಮಾಡುತ್ತೀರಿ? ಪಾರ್ಸೆಕ್ ಇಳಿಸಿಕೊಳ್ಳಿ. ಹ್ಯಾಸ್ಕೆಲ್ ಬಾರದಿದ್ದರೆ ನಿಮಗೆ ಬರುವ ಭಾಷೆಯಲ್ಲೇ ಮಾಡಿ. ಸ್ಕಾಲಾ, ರಸ್ಟ್, ಎಫ್‌ಶಾರ್ಪ್ ಎಲ್ಲದರಲ್ಲೂ ಇಂಥ ಸಲಕರಣೆ ಇದೆ. ಮೊದಲು ‘ಅಕ್ಷರ’ ಬರೆಯಿರಿ. ಆಮೇಲೆ ‘ಕನ್ನಡ ಅಂಕಿ’. ಆಮೇಲೆ ‘ಎಕರೆ ಗುಂಟೆ’. ತಪ್ಪು ಹೇಳುವ ಮಾತುಗಳನ್ನು ಕನ್ನಡದಲ್ಲಿ, ಕನ್ನಡದ ಕ್ರಮದಲ್ಲಿ ಬರೆಯಿರಿ. ಬರೆದದ್ದನ್ನು ಬೀಗ ಹಾಕದೆ ಎಲ್ಲರಿಗೂ ಬಿಟ್ಟುಕೊಡಿ. ಊರಿಗೆ ಹೋದಾಗ ತಂದೆಯವರ ಉತಾರವನ್ನು ಅದರ ಮುಂದಿಟ್ಟು, ಎಷ್ಟು ಗುಂಟೆ ಎನ್ನುತ್ತದೆ ನೋಡಿ.

ಸರ್ಕಾರದ ಆದೇಶಕ್ಕೆ ಕಾಯಬೇಡಿ. ಪಾರ್ಸೆಕ್‌ಗೆ ಯಾರ ಅಪ್ಪಣೆಯೂ ಬೇಡ ಎಂದು ಮೊದಲೇ ಹೇಳಿದೆನಲ್ಲ. ರೋಣದ ‘ಣ’ ಎಲ್ಲಿಗೂ ಹೋಗಿಲ್ಲ, ಗೆಳೆಯರೆ. ಹತ್ತು ಸಾಲು ಬರೆಯುವ ಒಬ್ಬ ಹುಡುಗನಿಗೋ ಹುಡುಗಿಗೋ ಕಾಯುತ್ತ ಬಾಗಿಲಲ್ಲೇ ನಿಂತಿದೆ.